ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರ ಹೇಳೀತೇ? ದಿನ ತುಂಬದ ಕೂಸಿನ ಕಿಡ್ನಿಯ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನನ್ನ ಮಗಳು 27 ವಾರಕ್ಕೇ ಹುಟ್ಟಿದಳು. ತೂಕ 910 ಗ್ರಾಂ ಇತ್ತು. ಈಗ ಐದು ವಾರದ ಕೂಸು, ಇನ್ನೂ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲೇ ಇದ್ದಾಳೆ. ಸೋಂಕಿನ ಅನುಮಾನದಿಂದ ಮೊದಲ ವಾರ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರು. ಹೃದಯದ ಹತ್ತಿರದ ಒಂದು ನಾಳ ಮುಚ್ಚಿಲ್ಲವೆಂದು ಮೂರನೇ ದಿನದಿಂದ ಐಬುಪ್ರೊಫೇನ್‌ನ ಮೂರು ಡೋಸ್ ಕೊಟ್ಟರು. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಮೊದಲ ದಿನ 0.8 (ಮಿಗ್ರಾಂ/ಡಿಎಲ್), ಮೂರನೇ ದಿನ 1.2, ಆರನೇ ದಿನ 1.4, ಹತ್ತನೇ ದಿನ 1.0, ನಾಲ್ಕನೇ ವಾರ 0.6 ಇತ್ತು. ಮೂತ್ರ ಒಂದು ದಿನವೂ ನಿಂತಿರಲಿಲ್ಲ. "ಕಿಡ್ನಿಗೆ ಸ್ವಲ್ಪ ಪೆಟ್ಟಾಗಿತ್ತು, ಚೇತರಿಸಿಕೊಳ್ಳುತ್ತಿದೆ" ಎಂದು ಡಾಕ್ಟರು ಹೇಳಿದರು. ಮನೆಯ ಹಿರಿಯರೊಬ್ಬರು ಮಾತ್ರ "ಕಿಡ್ನಿ ಕೆಟ್ಟರೆ ಮುಗೀತು, ಜೀವನಪೂರ್ತಿ ಡಯಾಲಿಸಿಸ್" ಎಂದುಬಿಟ್ಟರು. ಅಂದಿನಿಂದ ನಿದ್ದೆಯಿಲ್ಲ. ಮೂತ್ರದಲ್ಲಿರುವ ಸಣ್ಣ ಅಣುಗಳನ್ನು, ಅಂದರೆ ಮೆಟಬೊಲೈಟ್‌ಗಳನ್ನು ಅಳೆದರೆ ಕ್ರಿಯಾಟಿನಿನ್ ಏರುವ ಮೊದಲೇ ಪೆಟ್ಟು ಗೊತ್ತಾಗುತ್ತದೆ ಎಂದು ಎಲ್ಲೋ ಓದಿದೆ. ಹಾಗಿದ್ದರೆ ನನ್ನ ಮಗಳಿಗೆ ಆ ಪರೀಕ್ಷೆ ಯಾಕೆ ಮಾಡಲಿಲ್ಲ? ಮಾಡಿದ್ದರೆ ಔಷಧಿ ನಿಲ್ಲಿಸಬಹುದಿತ್ತೇ? ಈಗಲಾದರೂ ಹೊರಗಿನ ಲ್ಯಾಬಿಗೆ ಮೂತ್ರ ಕಳಿಸಲೇ? ಇದೇ ವಿಷಯದ ಅಧ್ಯಯನಕ್ಕೆ ಮಗುವಿನ ಮೂತ್ರ ಕೊಡುತ್ತೀರಾ ಎಂದು ಆಸ್ಪತ್ರೆಯವರು ಈಗ ಕೇಳುತ್ತಿದ್ದಾರೆ. ಒಪ್ಪಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಮಗುವಿನ ಕಿಡ್ನಿ ಉಳಿಯಿತೇ ಎಂಬುದು ಮೊದಲನೆಯದು. ಮಾಡಬಹುದಾಗಿದ್ದ ಪರೀಕ್ಷೆಯೊಂದು ತಪ್ಪಿಹೋಯಿತೇ, ನಾನು ಆಗಲೇ ಕೇಳಬೇಕಿತ್ತೇ ಎಂಬುದು ಎರಡನೆಯದು. ಮಕ್ಕಳ ಕಿಡ್ನಿ ವಿಭಾಗದಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ತಾಯಂದಿರನ್ನು ಹೆಚ್ಚು ಕೊರೆಯುವುದು ಈ ಎರಡನೆಯದೇ. ಅದಕ್ಕೇ ಮೊದಲು ಉತ್ತರಿಸುತ್ತೇನೆ: ನೀವು ಏನನ್ನೂ ತಪ್ಪಿಸಿಕೊಂಡಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತು, ಆ ಫಲಿತಾಂಶ ನೋಡಿ, ಈ ಔಷಧಿ ನಿಲ್ಲಿಸೋಣ ಎಂದು ತೀರ್ಮಾನಿಸುವಷ್ಟು ಆ ಪರೀಕ್ಷೆ ಇನ್ನೂ ಬೆಳೆದಿಲ್ಲ. ಯಾಕೆ ಬೆಳೆದಿಲ್ಲ ಎಂಬುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರವಿದೆ.

ಮಗುವನ್ನು ಕಣ್ಣಾರೆ ನೋಡದೆ ರೋಗನಿರ್ಣಯ ಮಾಡಲಾರೆ. ಆದರೆ ನೀವು ಬರೆದ ಅಂಕಿಗಳನ್ನು ಓದಬಲ್ಲೆ. ನವಜಾತ ಶಿಶುಗಳಿಗೆ ಈಗ ಬಳಸುವ ಮಾನದಂಡದಲ್ಲಿ, 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೆ, ಇಲ್ಲವೇ ಏಳು ದಿನದೊಳಗೆ ಹಿಂದಿನ ಕನಿಷ್ಠದ ಒಂದೂವರೆ ಪಟ್ಟಾದರೆ, ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದಿದೆ ಎನ್ನುತ್ತೇವೆ. ನಿಮ್ಮ ಮಗಳ 0.8 ಆರನೇ ದಿನ 1.4 ಆಗಿದೆ, ಅಂದರೆ 1.75 ಪಟ್ಟು. ಇದು ಮೂರು ಹಂತಗಳಲ್ಲಿ ಮೊದಲನೆಯದು, ಅತಿ ಸೌಮ್ಯವಾದದ್ದು. ಆಮೇಲೆ ಇಳಿಯುತ್ತಾ ಬಂದು 0.6 ಮುಟ್ಟಿದೆ. ನಿಮ್ಮ ಡಾಕ್ಟರು ಹೇಳಿದ ಮಾತಿಗೂ ಈ ಅಂಕಿಗಳಿಗೂ ತಾಳೆಯಾಗುತ್ತದೆ. ಹಿರಿಯರು ಹೇಳಿದ ಮಾತಿಗೆ ತಾಳೆಯಾಗುವುದಿಲ್ಲ. ದೊಡ್ಡವರಲ್ಲಿ ವರ್ಷಗಟ್ಟಲೆ ಸವೆದು ಕೆಡುವ ಕಿಡ್ನಿಯನ್ನು ನೋಡಿ ಅವರು ಹಾಗೆ ಹೇಳಿರಬಹುದು. ಅದು ಬೇರೆ ಕಾಯಿಲೆ, ಇದು ಬೇರೆ.

ನೀವು ಒಬ್ಬರೇ ಅಲ್ಲ ಎಂಬುದಕ್ಕೂ ಲೆಕ್ಕವಿದೆ. 2014ರ ಮೊದಲ ಮೂರು ತಿಂಗಳಲ್ಲಿ ನಾಲ್ಕು ದೇಶಗಳ 24 ಎನ್‌ಐಸಿಯುಗಳಿಗೆ ದಾಖಲಾದ ಮಕ್ಕಳ ಕಡತಗಳನ್ನು 'ಅವೇಕನ್' ಎಂಬ ಅಧ್ಯಯನ ಪರಿಶೀಲಿಸಿತು. ಲೆಕ್ಕಕ್ಕೆ ಸಿಕ್ಕ 2,022 ಮಕ್ಕಳಲ್ಲಿ 605 ಮಕ್ಕಳಿಗೆ, ಅಂದರೆ 30%ರಷ್ಟು ಮಕ್ಕಳಿಗೆ, ಈ ಮಾನದಂಡದ ಪ್ರಕಾರ ಕಿಡ್ನಿಗೆ ಪೆಟ್ಟಾಗಿತ್ತು. 29 ವಾರಕ್ಕೂ ಮೊದಲು ಹುಟ್ಟಿದವರಲ್ಲಿ ಅದು 48%. ನಿಮ್ಮ ಮಗಳ ವಯಸ್ಸಿಗೆ ಹುಟ್ಟುವ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ.

ಈಗ ಕ್ರಿಯಾಟಿನಿನ್ ವಿಷಯ. ಮೊದಲ ದಿನದ 0.8 ನಿಮ್ಮ ಮಗಳದ್ದಲ್ಲ, ಬಹುಪಾಲು ನಿಮ್ಮದು! ಕ್ರಿಯಾಟಿನಿನ್ ನಮ್ಮ ಸ್ನಾಯುಗಳಲ್ಲಿ ಹುಟ್ಟುವ ಕಸ. ಹೊಟ್ಟೆಯಲ್ಲಿರುವಾಗ ಅದು ಹೊಕ್ಕುಳಬಳ್ಳಿಯ ಮೂಲಕ ತಾಯಿಗೂ ಮಗುವಿಗೂ ನಡುವೆ ಹರಿದಾಡುತ್ತದೆ. ಆದ್ದರಿಂದ ಹುಟ್ಟಿದ ದಿನ ಮಗುವಿನ ರಕ್ತದಲ್ಲಿ ಸಿಗುವುದು ತಾಯಿಯ ಮಟ್ಟ. ದಿನ ತುಂಬಿ ಹುಟ್ಟಿದ ಮಗು ಅದನ್ನು ಒಂದೆರಡು ವಾರದಲ್ಲಿ ಹೊರಹಾಕಿಬಿಡುತ್ತದೆ. ದಿನ ತುಂಬದ ಮಗುವಿನಲ್ಲಿ ಹಾಗಾಗುವುದಿಲ್ಲ. ಕಿಡ್ನಿಯೊಳಗಿನ ಎಳೆಯ ಕೊಳವೆಗಳ ಗೋಡೆಯಿಂದ ಕ್ರಿಯಾಟಿನಿನ್ ಮತ್ತೆ ರಕ್ತಕ್ಕೇ ಜಿನುಗುತ್ತದೆ. ಹೀಗಾಗಿ ಕಿಡ್ನಿಗೆ ಏನೂ ಆಗದಿದ್ದರೂ ಮೊದಲ ಕೆಲವು ದಿನ ಅಂಕಿ ಏರಿ, ಆಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಮೂರನೇ ದಿನದ 1.2ರಲ್ಲಿ ಈ ಸಹಜ ಏರಿಕೆಯ ಪಾಲು ದೊಡ್ಡದಿರಬಹುದು. ಆದರೆ ಇಳಿಯಲು ಶುರುವಾಗಬೇಕಿದ್ದ ಹೊತ್ತಿಗೆ, ಐಬುಪ್ರೊಫೇನ್ ಆದ ಮೇಲೆ, ಅದು 1.4ಕ್ಕೆ ಏರಿದೆ. ನಾನಾಗಿದ್ದರೆ ಆ ಎರಡನೆಯ ಏರಿಕೆಯನ್ನೇ ಪೆಟ್ಟು ಎಂದು ಬರೆದುಕೊಳ್ಳುತ್ತಿದ್ದೆ.

ಕ್ರಿಯಾಟಿನಿನ್‌ಗೆ ಇನ್ನೊಂದು ದೋಷವಿದೆ, ಅದು ತಡ. ಕಿಡ್ನಿಯ ಸೋಸುವ ಶಕ್ತಿ ಅರ್ಧದಷ್ಟು ಕುಸಿಯುವವರೆಗೆ ಅಂಕಿ ಅಲುಗದೆ ಇರಬಹುದು. ಪೆಟ್ಟು ಬಿದ್ದು ಎರಡು ಮೂರು ದಿನವಾದ ಮೇಲೆ ಏರಿಕೆ ಕಾಣುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದ ಹಾಗೆ. ಇದರ ಮೇಲೆ ರಕ್ತ ತೆಗೆಯುವ ಸಂಕಟ ಬೇರೆ. 910 ಗ್ರಾಂ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 80 ಮಿಲಿ ಲೀಟರ್. ದಿನಕ್ಕೊಂದು ಸಲ ಒಂದು ಮಿಲಿ ತೆಗೆದರೂ ಹತ್ತು ದಿನದಲ್ಲಿ ಎಂಟನೇ ಒಂದು ಭಾಗ ಹೋಗಿರುತ್ತದೆ. ಸೂಜಿಯಿಲ್ಲದೆ ಸಿಗುವ ಮೂತ್ರದಲ್ಲೇ ಮೊದಲ ಸುಳಿವು ಹುಡುಕೋಣ ಎಂದು ಸಂಶೋಧಕರು ಹೊರಟಿದ್ದು ಇದಕ್ಕಾಗಿಯೇ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ನನಗೂ ಅದು ಬೇಕು.

ಮೆಟಬೊಲೈಟ್ ಎಂದರೆ ಜೀವಕೋಶಗಳು ತಮ್ಮ ದಿನನಿತ್ಯದ ಕೆಲಸದಲ್ಲಿ ಬಳಸುವ, ತಯಾರಿಸುವ, ಬಿಸಾಡುವ ಸಣ್ಣ ಅಣುಗಳು. ಸಕ್ಕರೆ, ಅಮಿನೊ ಆಮ್ಲ, ಸಿಟ್ರೇಟ್, ಲ್ಯಾಕ್ಟೇಟ್, ಕಾರ್ನಿಟಿನ್ ಎಲ್ಲವೂ ಈ ಸಾಲಿನವೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 2013ರಲ್ಲಿ ಮನುಷ್ಯರ ಮೂತ್ರದ ಪಟ್ಟಿ ತಯಾರಿಸಿದಾಗ ಸಿಕ್ಕ ಇಂಥ ವಸ್ತುಗಳು 3,000ಕ್ಕೂ ಹೆಚ್ಚು. ಇವನ್ನು ಅಳೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಮೂತ್ರವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಣುಗಳ ಸಂಕೇತ ಓದುವ ಎನ್‌ಎಂಆರ್ ಒಂದು. ಅಣುಗಳನ್ನು ವಿದ್ಯುದಾವೇಶಗೊಳಿಸಿ ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಇನ್ನೊಂದು. ಅರ್ಧ ಮಿಲಿ ಲೀಟರ್ ಮೂತ್ರವಿದ್ದರೂ ಸಾಕಾಗುತ್ತದೆ.

ಕಿಡ್ನಿಗೆ ಪೆಟ್ಟು ಬಿದ್ದರೆ ಇವು ಯಾಕೆ ಬದಲಾಗಬೇಕು? ಕಿಡ್ನಿಯ ಒಂದೊಂದು ಘಟಕಕ್ಕೂ, ಅಂದರೆ ನೆಫ್ರಾನಿಗೂ, ಎರಡು ಭಾಗಗಳಿವೆ: ಸೋಸುವ ಜರಡಿ ಮತ್ತು ಸೋಸಿದ್ದರಲ್ಲಿ ಬೇಕಾದ್ದನ್ನು ವಾಪಸು ಎತ್ತಿಕೊಳ್ಳುವ ಕೊಳವೆ. ಜರಡಿಯ ಪಕ್ಕದ ಕೊಳವೆಯ ಕೋಶಗಳು ದೇಹದಲ್ಲೇ ಅತಿ ಹೆಚ್ಚು ದುಡಿಯುವವರ ಸಾಲಿಗೆ ಸೇರುತ್ತವೆ. ಕೊಬ್ಬಿನ ಆಮ್ಲಗಳನ್ನು ಆಮ್ಲಜನಕದಲ್ಲಿ ಉರಿಸಿ ಶಕ್ತಿ ಪಡೆಯುತ್ತವೆ. ಸಕ್ಕರೆ, ಅಮಿನೊ ಆಮ್ಲಗಳನ್ನು ಒಂದೊಂದಾಗಿ ಹೆಕ್ಕಿ ರಕ್ತಕ್ಕೆ ಮರಳಿಸುತ್ತವೆ. ರಕ್ತದ ಹರಿವು ಕಡಿಮೆಯಾದರೆ ಅಥವಾ ವಿಷಕಾರಿ ಔಷಧಿ ಒಳಸೇರಿದರೆ, ಜರಡಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಈ ಕೋಶಗಳು ಸೋಲುತ್ತವೆ. ಉರಿಸುವ ಇಂಧನ ಬದಲಾಗಿ ಲ್ಯಾಕ್ಟೇಟ್ ಹೆಚ್ಚಬಹುದು, ಸಿಟ್ರೇಟ್‌ನಂಥವು ಏರುಪೇರಾಗಬಹುದು, ಹೆಕ್ಕಬೇಕಿದ್ದ ಸಕ್ಕರೆ ಮತ್ತು ಅಮಿನೊ ಆಮ್ಲ ಮೂತ್ರಕ್ಕೆ ಜಾರಬಹುದು. ಕ್ರಿಯಾಟಿನಿನ್ ಜರಡಿಯ ಲೆಕ್ಕ ಹೇಳುತ್ತದೆ. ಮೆಟಬೊಲೈಟ್‌ಗಳು ಕೊಳವೆಯ ಕೋಶದ ದುಡಿಮೆಯ ಲೆಕ್ಕ ಹೇಳುತ್ತವೆ. ಆ ಲೆಕ್ಕ ಮೊದಲು ತಪ್ಪುವುದರಿಂದ ಅಲ್ಲಿಯೇ ಮೊದಲು ನೋಡುವುದು ನ್ಯಾಯ.

ಜೆಂಟಾಮೈಸಿನ್ ಪೆಟ್ಟು ಕೊಡುವುದೂ ಇಲ್ಲಿಯೇ. ಸೋಸಿ ಬಂದ ಔಷಧಿಯನ್ನು ಕೊಳವೆಯ ಕೋಶಗಳು ಆಹಾರವೆಂಬಂತೆ ಒಳಗೆಳೆದುಕೊಳ್ಳುತ್ತವೆ, ಹೊರಹಾಕಲು ಮಾತ್ರ ಒದ್ದಾಡುತ್ತವೆ. ಹೀಗೆ ದಿನದಿಂದ ದಿನಕ್ಕೆ ಅದು ಒಳಗೆ ಶೇಖರವಾಗುತ್ತದೆ. ಐಬುಪ್ರೊಫೇನ್ ದಾರಿ ಬೇರೆ. ಎಳೆಯ ಕಿಡ್ನಿಗೆ ಹೋಗುವ ರಕ್ತನಾಳವನ್ನು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಸಡಿಲವಾಗಿ ತೆರೆದಿಟ್ಟಿರುತ್ತದೆ. ಹೃದಯದ ಹತ್ತಿರದ ಆ ನಾಳವನ್ನು ತೆರೆದಿಟ್ಟಿರುವುದೂ ಅದೇ ವಸ್ತು. ಒಂದನ್ನು ಮುಚ್ಚಿಸಲು ಅದನ್ನು ತಗ್ಗಿಸಿದರೆ ಇನ್ನೊಂದು ಕಡೆ ಕಿಡ್ನಿಗೂ ರಕ್ತ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಔಷಧಿ ನಿಂತ ಮೇಲೆ ಇದು ಸರಿಹೋಗುತ್ತದೆ. ನಿಮ್ಮ ಮಗಳ ಅಂಕಿಗಳು ಹತ್ತನೇ ದಿನಕ್ಕೆ ಇಳಿದ ರೀತಿ ಇದಕ್ಕೆ ಹೊಂದುತ್ತದೆ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನ್ನಿಸುತ್ತದೆ: ಹಾಗಾದರೆ ಮೂತ್ರದಲ್ಲಿ ಸಕ್ಕರೆ, ಅಮಿನೊ ಆಮ್ಲ ಕಂಡ ಕೂಡಲೇ ಪೆಟ್ಟು ಬಿದ್ದಿದೆ ಎಂದು ಹಿಡಿದುಬಿಡಬಹುದಲ್ಲ? ದೊಡ್ಡವರಲ್ಲಾದರೆ ಅದೊಂದು ಗಟ್ಟಿ ಸುಳಿವು. 27 ವಾರದ ಕೂಸಿನಲ್ಲಿ ಇದೇ ದೊಡ್ಡ ತೊಡಕು.

ಕಿಡ್ನಿಯ ಕಟ್ಟೋಣ ಮುಗಿಯುವುದು ಗರ್ಭದ 34ರಿಂದ 36ನೇ ವಾರದ ಹೊತ್ತಿಗೆ. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನುಗಳಿರುತ್ತವೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟುವುದು ಕೊನೆಯ ಮೂರು ತಿಂಗಳಲ್ಲಿ. ನಿಮ್ಮ ಮಗಳು ಹುಟ್ಟಿದಾಗ ಆ ಕೆಲಸ ನಡುವಿನಲ್ಲಿತ್ತು. ಗೋಡೆಗೆ ಗಿಲಾವು ಆಗದ, ಕೊಳಾಯಿಯ ಜೋಡಣೆ ಬಿಗಿಯಾಗದ ಮನೆಗೆ ಸಂಸಾರ ಬಂದು ಇಳಿದ ಹಾಗೆ. ಅಂಥ ಮನೆಯಲ್ಲಿ ನೀರು ಜಿನುಗಿದರೆ ಕೊಳಾಯಿ ಒಡೆದಿದೆ ಎನ್ನಲಾಗುತ್ತದೆಯೇ? ಕೆಲಸ ಮುಗಿದಿಲ್ಲ, ಅದಕ್ಕೇ ಜಿನುಗುತ್ತಿದೆ. 34 ವಾರ ತುಂಬದ ಮಕ್ಕಳ ಮೂತ್ರದಲ್ಲಿ ಸಕ್ಕರೆ, ಅಮಿನೊ ಆಮ್ಲ, ಸೋಡಿಯಂ ಸೋರುವುದು ಸಾಮಾನ್ಯ. ಹುಟ್ಟಿದ ಮೇಲೂ ಸುಮಾರು 40 ದಿನದವರೆಗೆ ಹೊಸ ನೆಫ್ರಾನುಗಳು ಮೂಡುತ್ತವೆ ಎಂದು ತಿಳಿದುಬಂದಿದೆ. ಅಂದರೆ ನೀವು ಈ ಪತ್ರ ಬರೆದ ದಿನವೂ ಆ ಕಟ್ಟೋಣ ನಡೆಯುತ್ತಿದ್ದಿರಬಹುದು. ದಿನದಿಂದ ದಿನಕ್ಕೆ ಮನೆ ಬದಲಾಗುತ್ತಿರುವಾಗ ಸಹಜವಾದ ಜಿನುಗು ಯಾವುದು, ಪೆಟ್ಟಿನಿಂದಾದ ಸೋರಿಕೆ ಯಾವುದು ಎಂದು ಹೇಳಬೇಕಾದರೆ, ಪ್ರತಿ ವಾರಕ್ಕೆ ಹುಟ್ಟಿದ ಮಗುವಿಗೂ, ಹುಟ್ಟಿದ ಪ್ರತಿ ದಿನಕ್ಕೂ ಸಹಜ ಅಳತೆ ಎಷ್ಟು ಎಂಬ ಕೋಷ್ಟಕ ಕೈಯಲ್ಲಿರಬೇಕು. ಹಾಸಿಗೆಯ ಪಕ್ಕದಲ್ಲಿ ನಂಬಿ ಬಳಸಬಹುದಾದ ಅಂಥ ಕೋಷ್ಟಕ ಇನ್ನೂ ಸಿದ್ಧವಾಗಿಲ್ಲ. ಇದು ಸಿಗದ ಹೊರತು ಎಷ್ಟೇ ದೊಡ್ಡ ಯಂತ್ರ ತಂದರೂ ಉತ್ತರ ಅನುಮಾನದ್ದೇ.

ಮೂತ್ರದೊಳಗೆ ಬೇರೆಯವರ ಸದ್ದೂ ಇರುತ್ತದೆ. ರಕ್ತನಾಳದ ಮೂಲಕ ಕೊಟ್ಟ ಗ್ಲೂಕೋಸ್ ಮತ್ತು ಅಮಿನೊ ಆಮ್ಲ ಮೂತ್ರದಲ್ಲಿ ಕಾಣಿಸುತ್ತವೆ. ತಾಯಿಹಾಲು ಶುರುವಾದ ದಿನ ಚಿತ್ರವೇ ಬದಲಾಗುತ್ತದೆ. ಹಿಪ್ಪುರೇಟ್ ಎಂಬ ವಸ್ತುವಿನ ಹೆಸರು ಇಂಥ ಅಧ್ಯಯನಗಳಲ್ಲಿ ಆಗಾಗ ಬರುತ್ತದೆ. ಅದಕ್ಕೆ ಕಚ್ಚಾವಸ್ತು ಒದಗಿಸುವುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು. ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಾಗಳನ್ನು ಕೊಂದರೆ ಹಿಪ್ಪುರೇಟ್ ಇಳಿಯುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದು ಇಳಿಯಿತೋ, ಕರುಳು ಬರಿದಾಗಿ ಇಳಿಯಿತೋ? ಕೆಲವು ಚುಚ್ಚುಮದ್ದುಗಳಲ್ಲಿ ಔಷಧಿ ಕರಗಿಸಲು ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ಕೂಡ ಮೂತ್ರದಲ್ಲಿ ಎದ್ದು ಕಾಣುತ್ತದೆ. ಮೂತ್ರ ಒಮ್ಮೆ ತೆಳ್ಳಗೆ, ಒಮ್ಮೆ ಗಟ್ಟಿಯಾಗಿ ಬರುವುದರಿಂದ ಎಲ್ಲ ಅಳತೆಯನ್ನೂ ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸುವುದು ರೂಢಿ. ಆದರೆ ಪೆಟ್ಟು ಬಿದ್ದಾಗ ಮತ್ತು ಮಗು ಬೆಳೆದಂತೆ ಆ ಕ್ರಿಯಾಟಿನಿನ್ನೇ ಬದಲಾಗುತ್ತದೆ. ಅಳತೆಗೋಲೇ ಹಿಗ್ಗುತ್ತಾ ಕುಗ್ಗುತ್ತಾ ಇದ್ದರೆ ಅಳೆದದ್ದನ್ನು ನಂಬುವುದು ಹೇಗೆ?

ಅಧ್ಯಯನಗಳೇ ಇಲ್ಲವೆಂದಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೃದಯದ ಶಸ್ತ್ರಚಿಕಿತ್ಸೆಯಾದ 40 ಮಕ್ಕಳ ಮೂತ್ರ ನೋಡಿತು. ಡೋಪಮೈನ್‌ನಿಂದ ಬರುವ ಹೋಮೊವ್ಯಾನಿಲಿಕ್ ಆಮ್ಲದ ಒಂದು ರೂಪ, ಕಿಡ್ನಿಗೆ ಪೆಟ್ಟಾಗುವ ಮಕ್ಕಳಲ್ಲಿ ಕ್ರಿಯಾಟಿನಿನ್ ಏರುವ ಎಷ್ಟೋ ಮುಂಚೆಯೇ ಹೆಚ್ಚಿತ್ತು. ಆಗ ನಮ್ಮಲ್ಲಿ ಅನೇಕರಿಗೆ ಬಹಳ ಉತ್ಸಾಹ ಬಂದಿತ್ತು. ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಪೆಟ್ಟು ಬಿದ್ದ ಗಳಿಗೆ ಗೊತ್ತಿತ್ತು, ಶಸ್ತ್ರಚಿಕಿತ್ಸೆಯ ಗಡಿಯಾರ ಗೋಡೆಯ ಮೇಲಿತ್ತು. ಎನ್‌ಐಸಿಯುನಲ್ಲಿ ಪೆಟ್ಟು ಯಾವಾಗ ಬಿತ್ತು ಎಂದು ಹೇಳುವವರು ಯಾರು? ಹೆರಿಗೆಯ ಹೊತ್ತಿನಲ್ಲೋ, ರಕ್ತದೊತ್ತಡ ಕುಸಿದ ರಾತ್ರಿಯೋ, ಔಷಧಿಯ ನಾಲ್ಕನೇ ದಿನವೋ? ದಿನ ತುಂಬದ ಮಕ್ಕಳಲ್ಲೂ ಇಂಥ ಅಧ್ಯಯನಗಳಾಗಿವೆ. ಬಹುತೇಕ ಹತ್ತಾರು ಮಕ್ಕಳವು ಮಾತ್ರ. ನೂರಾರು ವಸ್ತುಗಳನ್ನು ಅಳೆದು, ಮೂವತ್ತು ನಲವತ್ತು ಮಕ್ಕಳನ್ನು ಎರಡು ಗುಂಪು ಮಾಡಿದರೆ, ಆಕಸ್ಮಿಕವಾಗಿಯೇ ಹಲವು ವಸ್ತುಗಳು ಗುಂಪಿನಿಂದ ಗುಂಪಿಗೆ ಬೇರೆಯಾಗಿ ಕಾಣುತ್ತವೆ. ಬೇರೊಂದು ಆಸ್ಪತ್ರೆಯ, ಬೇರೆಯದೇ ಮಕ್ಕಳಲ್ಲಿ ಅದೇ ಉತ್ತರ ಮತ್ತೆ ಬರಬೇಕು. ಜೊತೆಗೆ ಒಂದು ವಿಚಿತ್ರ ಇಕ್ಕಟ್ಟೂ ಇದೆ. ಹೊಸ ಪರೀಕ್ಷೆ ಸರಿಯೇ ಎಂದು ತೂಗುವುದು ಯಾವುದರ ವಿರುದ್ಧ? ನಾವು ನೆಚ್ಚಲಾಗದು ಎಂದ ಅದೇ ಕ್ರಿಯಾಟಿನಿನ್ ವಿರುದ್ಧ.

ಒಂದು ಲೆಕ್ಕ ಹಾಕಿ ನೋಡಿ. ಪೆಟ್ಟು ಬಿದ್ದ 100 ಮಕ್ಕಳಲ್ಲಿ 90 ಮಂದಿಯನ್ನು ಹಿಡಿಯುವ, ಆರೋಗ್ಯವಂತ 100 ಮಕ್ಕಳಲ್ಲಿ 90 ಮಂದಿಗೆ ಪೆಟ್ಟಿಲ್ಲವೆಂದು ಸರಿಯಾಗಿ ಹೇಳುವ ಪರೀಕ್ಷೆ ಇದೆಯೆಂದು ಇಟ್ಟುಕೊಳ್ಳೋಣ. ಕೇಳಲು ಬಹಳ ಚೆನ್ನಾಗಿದೆ. ಅವೇಕನ್ ಲೆಕ್ಕದಂತೆ 1,000 ಮಕ್ಕಳಲ್ಲಿ 300 ಮಂದಿಗೆ ಪೆಟ್ಟಾಗುವ ವಾರ್ಡಿನಲ್ಲಿ ಅದು 270 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಉಳಿದ 700ರಲ್ಲಿ 70 ಮಂದಿಗೆ ಸುಳ್ಳು ಗಂಟೆ ಬಾರಿಸುತ್ತದೆ. ಅಂದರೆ ಗಂಟೆ ಬಾರಿಸಿದ ಸುಮಾರು ಐವರಲ್ಲಿ ಒಬ್ಬರ ಕಿಡ್ನಿ ಸರಿಯಾಗಿಯೇ ಇರುತ್ತದೆ. ಆ ಒಬ್ಬರಿಗೆ ಬೇಕಾಗಿದ್ದ ಆಂಟಿಬಯೋಟಿಕ್ ನಿಲ್ಲಿಸಿದರೆ? 900 ಗ್ರಾಂ ಕೂಸಿಗೆ ರಕ್ತದ ಸೋಂಕು ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಕಿಡ್ನಿಯ ಮೊದಲ ಹಂತದ ಪೆಟ್ಟಿನಿಂದ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. "ಔಷಧಿ ನಿಲ್ಲಿಸಬಹುದಿತ್ತೇ" ಎಂದು ನೀವು ಕೇಳಿದ್ದೀರಿ. ಸೋಂಕು ಇಲ್ಲವೆಂದು ಖಚಿತವಾಗುವ ಮೊದಲು ಮೂತ್ರದ ಒಂದು ಅಂಕಿ ನೋಡಿ ನಾನು ನಿಲ್ಲಿಸುತ್ತಿರಲಿಲ್ಲ.

ಹಾಗಾಗಿ ಹೊರಗಿನ ಲ್ಯಾಬಿಗೆ ಕಳಿಸಬೇಡಿ. ಚಯಾಪಚಯದ ಹುಟ್ಟುರೋಗ ಹುಡುಕಲು ಮೂತ್ರದ ಸಾವಯವ ಆಮ್ಲ ನೋಡುವ ಪರೀಕ್ಷೆ ಅನೇಕ ಕಡೆ ಇದೆ. ಅದನ್ನೇ ಕಿಡ್ನಿಯ ಪೆಟ್ಟಿನ ಪರೀಕ್ಷೆ ಎಂದು ತಿಳಿದು ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ವರದಿಯ ಅರ್ಧಕ್ಕರ್ಧ ಸಾಲುಗಳಲ್ಲಿ 'ಹೆಚ್ಚು' ಎಂಬ ಗುರುತಿತ್ತು, ಏಕೆಂದರೆ ಹೋಲಿಸಿದ್ದು ದೊಡ್ಡ ಮಕ್ಕಳ ಅಳತೆಯ ಜೊತೆ. ಆ ಹಾಳೆ ಹಿಡಿದು ಆ ದಂಪತಿ ಒಂದು ವಾರ ಅತ್ತಿದ್ದರು. ನಿಮಗೆ ಹಾಗಾಗುವುದು ಬೇಡ. ಅದೂ ಅಲ್ಲದೆ, ನಿಮ್ಮ ಮಗಳ ಪೆಟ್ಟು ನಾಲ್ಕು ವಾರದ ಹಿಂದಿನದು. ಮುಂಚಿತವಾಗಿ ಹಿಡಿಯುವ ಪರೀಕ್ಷೆಗೆ ಈಗ ಹಿಡಿಯಲು ಏನೂ ಉಳಿದಿಲ್ಲ.

ಎನ್‌ಗಾಲ್ ಎಂಬ ಪ್ರೋಟೀನ್ ಪರೀಕ್ಷೆಯ ಬಗ್ಗೆಯೂ ಓದಿರಬಹುದು. ಅದು ಮೆಟಬೊಲೈಟ್ ಅಲ್ಲ, ಕೊಳವೆಯ ಕೋಶಗಳು ನೊಂದಾಗ ಹೆಚ್ಚಾಗುವ ಪ್ರೋಟೀನ್. ಬಳಕೆಗೆ ಮೆಟಬೊಲೈಟ್‌ಗಳಿಗಿಂತ ಹತ್ತಿರ ಬಂದಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಡಿಸೆಂಬರಿನಲ್ಲಿ ಮೂತ್ರದ ಎನ್‌ಗಾಲ್ ಪರೀಕ್ಷೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದು ಮೂರು ತಿಂಗಳು ತುಂಬಿದ ಮಕ್ಕಳಿಂದ 21 ವರ್ಷದವರಿಗೆ. ನಿಮ್ಮ ಮಗಳ ವಯಸ್ಸನ್ನು ಅಲ್ಲಿಯೂ ಹೊರಗಿಟ್ಟಿದ್ದಾರೆ.

ಹಾಗಾದರೆ ಇವತ್ತು ಕೈಯಲ್ಲಿ ಏನಿದೆ? ಬಹಳ ಇದೆ, ಮತ್ತು ಅದರಲ್ಲಿ ಹೆಚ್ಚಿನದು ದೊಡ್ಡ ಯಂತ್ರ ಬೇಡದ ಕೆಲಸ. ಕಿಡ್ನಿಗೆ ನಂಜಾಗುವ ಔಷಧಿಗಳನ್ನು ಎಣಿಸುವುದು ಮೊದಲನೆಯದು. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದ ಎನ್‌ಐಸಿಯು 'ಬೇಬಿ ನಿಂಜಾ' ಎಂಬ ಹೆಸರಿನಲ್ಲಿ ಒಂದು ಶಿಸ್ತು ತಂದಿತು. ಇಂಥ ಮೂರು ಔಷಧಿ ಒಟ್ಟಿಗೆ ಹೋಗುತ್ತಿರುವ, ಇಲ್ಲವೇ ಜೆಂಟಾಮೈಸಿನ್ ಜಾತಿಯ ಔಷಧಿ ಹಲವು ದಿನ ಮುಂದುವರಿದ ಮಕ್ಕಳನ್ನು ದಿನವೂ ಗುರುತಿಸಿ, ಈ ಔಷಧಿ ಇವತ್ತೂ ಬೇಕೇ ಎಂದು ಕೇಳಿಕೊಂಡರು, ಕ್ರಿಯಾಟಿನಿನ್ ದಿನವೂ ನೋಡಿದರು. 2019ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಆ ಔಷಧಿಗಳಿಗೆ ಒಡ್ಡಿಕೊಂಡ ಮಕ್ಕಳಲ್ಲಿ ಕಿಡ್ನಿಗೆ ಪೆಟ್ಟಾಗುವುದು 30.9%ರಿಂದ 11%ಕ್ಕೆ ಇಳಿಯಿತು. ಅದೇ ಹಳೆಯ, ತಡವಾಗಿ ಏರುವ ಕ್ರಿಯಾಟಿನಿನ್ ಇಟ್ಟುಕೊಂಡೇ ಇದು ಸಾಧ್ಯವಾಯಿತು! ಹೊಸ ಪರೀಕ್ಷೆಗಾಗಿ ಕಾಯುತ್ತಾ ಇದನ್ನು ಮರೆಯಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ.

ಉಸಿರು ನಿಲ್ಲದಿರಲೆಂದು ಈ ಮಕ್ಕಳಿಗೆ ಕೊಡುವ ಕೆಫೀನ್ ಕಿಡ್ನಿಗೂ ಒಳ್ಳೆಯದಿರಬಹುದು. ಅವೇಕನ್ ಅಧ್ಯಯನದ ದಿನ ತುಂಬದ ಮಕ್ಕಳಲ್ಲಿ, ಮೊದಲ ವಾರ ಕೆಫೀನ್ ಪಡೆದವರಲ್ಲಿ ಪೆಟ್ಟು 11.2%, ಪಡೆಯದವರಲ್ಲಿ 31.6% ಇತ್ತು. ಅದು ನಂಟು ಮಾತ್ರ, ಕೆಫೀನಿನಿಂದಲೇ ಹಾಗಾಯಿತು ಎಂಬುದಕ್ಕೆ ಪುರಾವೆಯಲ್ಲ. ನಿಮ್ಮ ಮಗಳಿಗೆ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು, ಕೇಳಿ ನೋಡಿ.

ನರ್ಸುಗಳು ಪ್ರತಿ ಡಯಾಪರನ್ನೂ ತೂಕ ಮಾಡುವುದನ್ನು ನೋಡಿರುತ್ತೀರಿ. ಒಣ ಡಯಾಪರಿನ ತೂಕ ಕಳೆದರೆ ಉಳಿದ ಒಂದು ಗ್ರಾಂ ಎಂದರೆ ಒಂದು ಮಿಲಿ ಮೂತ್ರ. ಮಗುವಿನ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಒಂದು ಮಿಲಿಗಿಂತ ಕಡಿಮೆ ಬಂದು ಅದು ದಿನಪೂರ್ತಿ ಹಾಗೇ ಇದ್ದರೆ ಎಚ್ಚರಿಕೆ. ಆದರೆ "ಮೂತ್ರ ಹೋಗುತ್ತಿದೆಯಲ್ಲ, ಕಿಡ್ನಿ ಚೆನ್ನಾಗಿದೆ" ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ಇಷ್ಟು ಎಳೆಯ ಮಕ್ಕಳಲ್ಲಿ ಮೂತ್ರ ಧಾರಾಳವಾಗಿ ಬರುತ್ತಿರುವಾಗಲೇ ಪೆಟ್ಟು ಬಿದ್ದಿರುವುದು ತೀರಾ ಸಾಮಾನ್ಯ. ನಿಮ್ಮ ಮಗಳೇ ಉದಾಹರಣೆ. ಇದಕ್ಕೆ ಎದುರಾಗಿ, ಡಯಾಪರಿನಲ್ಲಿ ನಸುಗೆಂಪು ಕಲೆ ಕಂಡ ಕೂಡಲೇ ರಕ್ತವೆಂದು ಹೌಹಾರುವವರಿದ್ದಾರೆ. ಎಷ್ಟೋ ಸಲ ಅದು ರಕ್ತವಲ್ಲ, ಮೂತ್ರದ ಯೂರಿಕ್ ಆಮ್ಲದಿಂದಾಗುವ ಯೂರೇಟ್ ಹರಳು. ಡಾಕ್ಟರಿಗೆ ತೋರಿಸಿ, ಒಂದು ನಿಮಿಷದ ಕೆಲಸ.

ಮುಂದಿನದರ ಬಗ್ಗೆ ಮುಚ್ಚುಮರೆ ಮಾಡುವುದಿಲ್ಲ. ಪೆಟ್ಟಿನಿಂದ ಚೇತರಿಸಿಕೊಂಡರೂ ದಿನ ತುಂಬದೆ ಹುಟ್ಟಿದ್ದೇ ಕಿಡ್ನಿಗೆ ಒಂದು ಕೊರತೆ. ನೆಫ್ರಾನುಗಳ ಸಂಖ್ಯೆ ಕಡಿಮೆಯಿರಬಹುದು, ಇದ್ದವು ಹೆಚ್ಚು ದುಡಿಯಬೇಕಾಗುತ್ತದೆ. ಸ್ವೀಡನ್ನಿನಲ್ಲಿ 1973ರಿಂದ 2014ರವರೆಗೆ ಹುಟ್ಟಿದ 40 ಲಕ್ಷಕ್ಕೂ ಹೆಚ್ಚು ಜನರ ದಾಖಲೆಯಲ್ಲಿ, 37 ವಾರಕ್ಕೆ ಮೊದಲು ಹುಟ್ಟಿದವರಿಗೆ ದೀರ್ಘಕಾಲದ ಕಿಡ್ನಿ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು, 28 ವಾರಕ್ಕೂ ಮೊದಲು ಹುಟ್ಟಿದವರಿಗೆ ಸುಮಾರು ಮೂರು ಪಟ್ಟು ಕಂಡಿತು. ಮೂರು ಪಟ್ಟು ಎಂದಾಗ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಮೂಲದಲ್ಲಿ ಆ ಅಪಾಯ ಎಳೆವಯಸ್ಸಿನಲ್ಲಿ ತೀರಾ ಸಣ್ಣದು. ಸಣ್ಣದರ ಮೂರು ಪಟ್ಟೂ ಸಣ್ಣದೇ. ಅಂಥ ಬಹುಪಾಲು ಮಕ್ಕಳಿಗೆ ಆ ಕಾಯಿಲೆ ಬರಲಿಲ್ಲ.

ಇದಕ್ಕಾಗಿ ನೀವು ಮಾಡಬೇಕಾದ್ದು ಇಷ್ಟು. ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಸಾರಾಂಶದಲ್ಲಿ "ಕಿಡ್ನಿಗೆ ಮೊದಲ ಹಂತದ ಹಠಾತ್ ಪೆಟ್ಟು, ಗರಿಷ್ಠ ಕ್ರಿಯಾಟಿನಿನ್ 1.4" ಎಂಬ ಸಾಲು ಇರಲೇಬೇಕೆಂದು ಕೇಳಿ. ಈ ಒಂದು ಸಾಲು ಬಿಟ್ಟುಹೋಗಿ, ಐದಾರು ವರ್ಷದ ನಂತರ ಬಂದ ಮಗುವಿಗೆ ಹಿಂದೆ ಏನಾಗಿತ್ತೆಂದು ನಾವು ಊಹಿಸುತ್ತಾ ಕೂತ ಸಂದರ್ಭಗಳು ಬಹಳ. ಪೆಟ್ಟಾದ ಮೂರು ತಿಂಗಳಿಗೆ ಒಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ನೋಡಿಸಿ. ರಕ್ತದೊತ್ತಡವನ್ನು ಸಾಮಾನ್ಯ ಮಕ್ಕಳಿಗೆ ಮೂರು ವರ್ಷದಿಂದ ಅಳೆಯುತ್ತಾರೆ. 32 ವಾರಕ್ಕೂ ಮೊದಲು ಹುಟ್ಟಿದವರಿಗೆ ಅದಕ್ಕೂ ಮೊದಲೇ, ಪ್ರತಿ ಭೇಟಿಯಲ್ಲೂ ಅಳೆಯಬೇಕು. ತೋಳಿಗೆ ಸರಿಯಾದ ಅಳತೆಯ ಪಟ್ಟಿ ಬೇಕು, ಮಗು ಅಳುತ್ತಿರುವಾಗ ಅಳೆದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಂದೆ ಜ್ವರಕ್ಕೋ ನೋವಿಗೋ ಐಬುಪ್ರೊಫೇನ್ ಬರೆದುಕೊಟ್ಟರೆ ಕಿಡ್ನಿಯ ಕಥೆ ಹೇಳಿ, ಬೇರೆ ಔಷಧಿ ಇದೆಯೇ ಎಂದು ಕೇಳಿ. ವಾಂತಿ ಭೇದಿಯಾಗಿ ಮಗು ಒಣಗಿದಾಗಲಂತೂ ಅದನ್ನು ಕೊಡಲೇಬೇಡಿ.

ಕೊನೆಯದಾಗಿ ಅಧ್ಯಯನಕ್ಕೆ ಒಪ್ಪಬೇಕೇ ಎಂಬುದು. ನನ್ನ ಮಗುವಾಗಿದ್ದರೆ ಒಪ್ಪುತ್ತಿದ್ದೆ. ನಾನು ಮೇಲೆ ಹೇಳಿದ ಆ ಸಹಜ ಅಳತೆಯ ಕೋಷ್ಟಕ ತುಂಬುವುದು ಇಂಥ ಕೂಸುಗಳ ಮೂತ್ರದಿಂದಲೇ, ಬೇರೆ ದಾರಿಯಿಲ್ಲ. ಆದರೆ ಸಹಿ ಹಾಕುವ ಮೊದಲು ಕೆಲವನ್ನು ಕೇಳಿ ತಿಳಿದುಕೊಳ್ಳಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಮೂತ್ರದ ಜೊತೆಗೆ ಹೆಚ್ಚುವರಿ ರಕ್ತವನ್ನೂ ತೆಗೆಯುತ್ತಾರೆಯೇ, ತೆಗೆದರೆ ಎಷ್ಟು? ಮಗುವಿನ ಹೆಸರು ಮಾದರಿಯ ಮೇಲೆ ಇರುತ್ತದೆಯೇ, ಸಂಕೇತ ಸಂಖ್ಯೆಯೇ? ಉಳಿದ ಮೂತ್ರವನ್ನು ಎಷ್ಟು ವರ್ಷ ಇಡುತ್ತಾರೆ, ಬೇರೆ ಸಂಶೋಧನೆಗೆ ಬಳಸುತ್ತಾರೆಯೇ? ನಡುವೆ ಬೇಡವೆನ್ನಿಸಿದರೆ ಹಿಂದೆ ಸರಿಯಬಹುದೇ? ಸರಿದರೂ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗಬಾರದು, ಅದು ನಿಮ್ಮ ಹಕ್ಕು. ಒಂದಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ: ಫಲಿತಾಂಶ ಬಹುಶಃ ನಿಮ್ಮ ಕೈಗೆ ಬರುವುದಿಲ್ಲ. ಬಂದರೂ ಅದರಿಂದ ಈಗಿನ ಚಿಕಿತ್ಸೆ ಬದಲಾಗುವುದಿಲ್ಲ.

ಮಗುವಿಗೆ ನೋವಾಗುತ್ತದೆಯೇ ಎಂಬ ಚಿಂತೆ ಬೇಡ. ಡಯಾಪರಿನೊಳಗೆ ಶುದ್ಧವಾದ ಹತ್ತಿಯ ಉಂಡೆ ಇಟ್ಟು, ನೆನೆದ ಮೇಲೆ ಸಿರಿಂಜಿನಲ್ಲಿ ಹಿಂಡಿ ತೆಗೆಯುತ್ತಾರೆ. ಇನ್‌ಕ್ಯುಬೇಟರಿನ ಬೆಚ್ಚಗಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಮೂತ್ರದ ಸಕ್ಕರೆಯನ್ನೇ ತಿಂದುಬಿಡುತ್ತವೆ. ಆದ್ದರಿಂದ ಬೇಗ ತೆಗೆದು ಆಳವಾದ ಶೀತದಲ್ಲಿ, ಸಾಮಾನ್ಯವಾಗಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ನೀವು ಕೂಸಿನ ಪಕ್ಕದಲ್ಲೇ ಇರುವ ಹೊತ್ತಿನಲ್ಲಿ ಹತ್ತಿ ನೆನೆದಿದ್ದು ಕಂಡರೆ ನರ್ಸಮ್ಮನನ್ನು ಕರೆದು ಹೇಳಿ.